ಕಾಸರಕ: ಮರ ಗುರುತಿಸುವಲ್ಲಿಂದ ಮಾತ್ರೆ ನುಂಗುವವರೆಗೆ

ದಕ್ಷಿಣ ಕನ್ನಡದ ಹಾಡಿಗಳಲ್ಲಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಲ್ಲಿ, ಹಳೆಯ ಬನಗಳ ಅಂಚಿನಲ್ಲಿ ಕಾಸರಕದ ಮರ ಇಂದಿಗೂ ಸಾಮಾನ್ಯವಾಗಿ ಕಾಣಸಿಗುತ್ತದೆ. ತುಳುವರು ಇದನ್ನು ಕಾಯೆರ್ ಎನ್ನುತ್ತಾರೆ, ಮಲಯಾಳಿಗಳು ಕಾಞ್ಞಿರ ಎನ್ನುತ್ತಾರೆ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದಲೇ ಎಂಬ ಅಭಿಪ್ರಾಯವೂ ಇದೆ. ಆಯುರ್ವೇದದಲ್ಲಿ ಇದಕ್ಕೆ ಕುಪೀಲು, ವಿಷತಿಂದುಕ, ವಿಷಮುಷ್ಟಿ, ಕಾರಸ್ಕರ ಎಂಬ ಹೆಸರುಗಳಿವೆ. ಸಸ್ಯಶಾಸ್ತ್ರದಲ್ಲಿ ಇದು ಸ್ಟ್ರಿಕ್ನಾಸ್ ನಕ್ಸ್ ವೋಮಿಕಾ. ಇದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಜಗತ್ತಿನ ಅತಿ ಕುಖ್ಯಾತ ವಿಷಗಳಲ್ಲಿ ಒಂದು. ಅದೇ ಬೀಜವನ್ನು ಶೋಧಿಸಿ, ಅಂದರೆ ವಿಷ ತಗ್ಗುವಂತೆ ಸಂಸ್ಕರಿಸಿ ಮಾಡಿದ ಮಾತ್ರೆಗಳನ್ನು ಸಂಧಿವಾತ, ಪಾರ್ಶ್ವವಾಯು, ಅಗ್ನಿಮಾಂದ್ಯ ಮುಂತಾದ ತೊಂದರೆಗಳಿಗೆ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.

ಈ ಮಾರ್ಗದರ್ಶಿ ಎರಡು ಬಗೆಯ ಓದುಗರಿಗಾಗಿ: ಮನೆಯ ಹಿತ್ತಿಲಿನಲ್ಲೋ ತೋಟದ ಮೇಲಿನ ಗುಡ್ಡದಲ್ಲೋ ಈ ಮರವಿರುವವರಿಗೆ, ಮತ್ತು ಈ ಬೀಜ ಸೇರಿರುವ ಔಷಧಿಯನ್ನು ವೈದ್ಯರು ಬರೆದುಕೊಟ್ಟಿರುವವರಿಗೆ. ಮನೆಯಲ್ಲಿ ಔಷಧಿ ತಯಾರಿಸುವ ವಿಧಾನ ಇಲ್ಲಿಲ್ಲ. ಶೋಧನೆಯ ಕ್ರಮವನ್ನು ಮುಂದೆ ವಿವರಿಸಿದ್ದೇನೆ. ಆದರೆ ಅದು ಔಷಧಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದು ಓದುಗರಿಗೆ ತಿಳಿದಿರಲಿ ಎಂದು ಮಾತ್ರ. ನೋಡಿ ಕಲಿತು ಮಾಡುವ ಅಡುಗೆಯಂಥದ್ದು ಅದಲ್ಲ.

ಮೊದಲ ಹಂತ: ಮರವನ್ನು ಹಗಲಿನಲ್ಲಿ, ಎಲೆ ಹಿಡಿದು ಗುರುತಿಸಿ

ಕಾಸರಕವು ಮಧ್ಯಮ ಎತ್ತರದ, ಎಲೆ ಉದುರಿಸುವ ಮರ. ತೊಗಟೆ ತೆಳು, ಬೂದು ಬಣ್ಣ, ಹೆಚ್ಚು ಒರಟಿಲ್ಲ. ಆದರೆ ತೊಗಟೆಯ ಬಣ್ಣವನ್ನು ನಂಬಿ ಯಾವ ಮರವನ್ನೂ ನಿರ್ಧರಿಸಬಾರದು, ಏಕೆಂದರೆ ಕರಾವಳಿಯ ಮಳೆಯಲ್ಲಿ ಪಾಚಿ ಮತ್ತು ಕಲ್ಲುಹೂವು ಹಿಡಿದ ಮೇಲೆ ಎಲ್ಲ ಕಾಂಡಗಳೂ ಒಂದೇ ತೆರನಾಗಿ ಕಾಣುತ್ತವೆ. ನೋಡಬೇಕಾದದ್ದು ಎಲೆ. ರೆಂಬೆಯ ಒಂದೊಂದು ಗೆಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿ ಕೂತಿರುತ್ತವೆ. ಎಲೆ ಅಗಲ, ಎಣ್ಣೆ ಸವರಿದಂತೆ ಹೊಳಪು. ಬುಡದಿಂದಲೇ ಮೂರರಿಂದ ಐದು ನರಗಳು ಹೊರಟು ತುದಿಯತ್ತ ಬಾಗುತ್ತವೆ. ದಾಲ್ಚಿನ್ನಿಯ ಎಲೆಯನ್ನು ನೋಡಿದವರಿಗೆ ಈ ನರಗಳ ವಿನ್ಯಾಸ ಕೂಡಲೇ ಅರ್ಥವಾಗುತ್ತದೆ, ಆದರೆ ಕಾಸರಕದ ಎಲೆಯನ್ನು ಹಿಸುಕಿದರೆ ದಾಲ್ಚಿನ್ನಿಯ ಪರಿಮಳ ಬರುವುದಿಲ್ಲ. ಎಲೆ ಕಿತ್ತರೆ ಹಾಲು ಒಸರುವುದಿಲ್ಲ. ನೆನಪಿರಲಿ: ಗುರುತಿಗಾಗಿ ನೆಕ್ಕಿ ನೋಡುವ ಅಭ್ಯಾಸ ಇಲ್ಲಿ ಸಲ್ಲದು.

ಹೂವು ಬೇಸಿಗೆಯ ಆರಂಭದಲ್ಲಿ, ಹೊಸ ಚಿಗುರಿನ ಜೊತೆಗೆ, ಹಸಿರು ಬೆರೆತ ಬಿಳಿಯ ಸಣ್ಣ ಗೊಂಚಲುಗಳಾಗಿ ಬರುತ್ತದೆ. ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಗಮನ ಸೆಳೆಯುವುದು ಹಣ್ಣು. ಚಳಿಗಾಲದ ಹೊತ್ತಿಗೆ ಸಣ್ಣ ಕಿತ್ತಳೆಯ ಗಾತ್ರದ, ಕಿತ್ತಳೆಯದೇ ಬಣ್ಣದ, ಗಟ್ಟಿ ಸಿಪ್ಪೆಯ ಹಣ್ಣುಗಳು ಮರದ ತುಂಬ ತೂಗುತ್ತವೆ. ಒಳಗೆ ಬಿಳಿಯ ಲೋಳೆಯಂಥ ಕಹಿ ತಿರುಳು, ಅದರಲ್ಲಿ ಹುದುಗಿದ ಕೆಲವು ಬೀಜಗಳು. ಮಂಗಟ್ಟೆ ಹಕ್ಕಿಗಳು ಈ ಹಣ್ಣನ್ನು ತಿನ್ನುತ್ತವೆ. ಹಕ್ಕಿ ತಿಂದದ್ದು ಮನುಷ್ಯರಿಗೂ ಆಗುತ್ತದೆ ಎಂಬ ಊರಿನ ತರ್ಕ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ; ಹಕ್ಕಿ ತಿರುಳನ್ನು ಅರಗಿಸಿಕೊಂಡು ಬೀಜವನ್ನು ಒಡೆಯದೆ ಹೊರಹಾಕುತ್ತದೆ, ಮನುಷ್ಯ ಅಗಿಯುತ್ತಾನೆ.

ಬೀಜವು ಕೋಟಿನ ಗುಂಡಿಯಂತೆ ದುಂಡಗೆ, ಚಪ್ಪಟೆಯಾಗಿ, ಸುಮಾರು ಎರಡು ಸೆಂಟಿಮೀಟರ್ ಅಗಲವಿರುತ್ತದೆ. ಬೂದು ಬಣ್ಣ, ಮೇಲೆಲ್ಲ ರೇಷ್ಮೆಯಂತೆ ಮಿನುಗುವ ಒತ್ತಾದ ರೋಮ. ಹೊಳೆಯುವ ಗುಂಡಿಯಂಥ ಈ ವಸ್ತು ಮಕ್ಕಳ ಕೈಗೆ ಸಿಕ್ಕರೆ ಆಟಿಕೆಯಾಗುತ್ತದೆ ಎಂಬುದೇ ದೊಡ್ಡ ಆತಂಕ. ಇದೇ ಕುಲದ ಇನ್ನೊಂದು ಮರ ಚಿಲ್ಲ, ಸಂಸ್ಕೃತದಲ್ಲಿ ಕತಕ. ಕೆಸರು ನೀರು ತಿಳಿಯಾಗಲು ಮಡಕೆಯ ಒಳಮೈಗೆ ತೇಯುತ್ತಿದ್ದ ಬೀಜ ಅದರದ್ದು. ಚಿಲ್ಲದ ಬೀಜ ಚಿಕ್ಕದು, ಉಬ್ಬಿದ ದುಂಡನೆಯದು. ಕಾಸರಕದಷ್ಟು ಅಗಲವೂ ಚಪ್ಪಟೆಯೂ ಅಲ್ಲ. ಅದರ ಹಣ್ಣು ಮಾಗಿದಾಗ ಕಪ್ಪಾಗುತ್ತದೆ. ಗ್ರಂಥಿಗೆ ಅಂಗಡಿಯಿಂದ ಚಿಲ್ಲದ ಬೀಜ ತರುವವರು ಕೈಯಲ್ಲಿ ಹಿಡಿದು ನೋಡಿ, ಅಗಲವಾದ ಗುಂಡಿಯಂಥ ಒಂದೇ ಒಂದು ಬೀಜ ಬೆರೆತಿದ್ದರೂ ಇಡೀ ಪೊಟ್ಟಣವನ್ನು ಹಿಂದಿರುಗಿಸಬೇಕು.

ಎರಡನೆಯ ಹಂತ: ಆಟಿ ಅಮಾವಾಸ್ಯೆಯ ಹಿಂದಿನ ದಿನ ಮಾಡಬೇಕಾದ ಕೆಲಸ

ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ದಿನ ಪಾಲೆ ಮರದ, ಅಂದರೆ ಹಾಳೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿಯಿದೆ. ಸೂರ್ಯೋದಯಕ್ಕೆ ಮುಂಚೆ, ಲೋಹ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು; ಓಮ, ಕಾಳುಮೆಣಸು, ಬೆಳ್ಳುಳ್ಳಿಯೊಂದಿಗೆ ಅರೆದು ರಸ ಹಿಂಡಿ, ಕಾಯಿಸಿದ ಬೊಳ್ಳುಕಲ್ಲನ್ನು, ಅಂದರೆ ಬಿಳಿಕಲ್ಲನ್ನು, ಅದರಲ್ಲಿ ಅದ್ದಿ ಕುಡಿಯಬೇಕು; ಆಮೇಲೆ ಮೆಂತೆ ಗಂಜಿ. ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಕತ್ತಲೆಯ ಬಗ್ಗೆ. ಮಳೆಗಾಲದ ಅಮಾವಾಸ್ಯೆಯ ನಸುಕಿನಲ್ಲಿ, ಟಾರ್ಚಿನ ಬೆಳಕಿನಲ್ಲಿ, ಹಸಿ ಕಾಂಡದ ಮೇಲೆ ಕೈಯಾಡಿಸಿ ಮರ ಗುರುತಿಸುವಾಗ ಪಾಲೆಯ ಬದಲು ಕಾಸರಕದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದ, ಪ್ರಾಣ ಕಳೆದುಕೊಂಡ ಸುದ್ದಿಗಳು ಕರಾವಳಿಯ ಪತ್ರಿಕೆಗಳಲ್ಲಿ ಬಂದಿವೆ. ಎರಡೂ ಕಹಿ. ಕಷಾಯ ಕಹಿಯಾಗಿಯೇ ಇರಬೇಕೆಂದು ಕುಡಿಯುವವರು ಸಿದ್ಧರಾಗಿರುವುದರಿಂದ ನಾಲಿಗೆ ಕೊಡುವ ಎಚ್ಚರಿಕೆಯೂ ಅಂದು ಕೆಲಸಕ್ಕೆ ಬಾರದು.

ಆದ್ದರಿಂದ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿ. ಪಾಲೆಯ ಎಲೆಗಳು ಒಂದು ಗೆಣ್ಣಿನ ಸುತ್ತ ಐದೋ ಆರೋ ಏಳೋ ಒಟ್ಟಾಗಿ ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ. ಸಪ್ತಪರ್ಣ ಎಂಬ ಹೆಸರು ಬಂದದ್ದೇ ಇದರಿಂದ. ಎಲೆ ಕಿತ್ತರೂ ತೊಗಟೆ ಗೀರಿದರೂ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎರಡೆರಡು, ಹಾಲು ಇಲ್ಲ. ಹಾಲು ಬರುವ ವಿಷಮರಗಳೂ ನಮ್ಮಲ್ಲಿರುವುದರಿಂದ ಹಾಲೊಂದನ್ನೇ ನಂಬಬೇಡಿ. ಸುತ್ತೆಲೆ ಮತ್ತು ಹಾಲು ಎರಡೂ ಒಟ್ಟಿಗೆ ಕಂಡರೆ ಮಾತ್ರ ಆ ಮರಕ್ಕೆ ಬಟ್ಟೆಯ ತುಂಡೊಂದನ್ನು ಕಟ್ಟಿ ಬನ್ನಿ. ಎತ್ತರದ ಮರದ ಎಲೆ ಕೈಗೆಟುಕದಿದ್ದರೆ ಬುಡದಲ್ಲಿ ಬಿದ್ದ ಎಲೆಯನ್ನು ನೋಡಿ ನಿರ್ಧರಿಸಬೇಡಿ, ಪಕ್ಕದ ಮರದ ಎಲೆಯೂ ಅಲ್ಲೇ ಬಿದ್ದಿರುತ್ತದೆ. ಮರುದಿನ ಬಟ್ಟೆ ಕಟ್ಟಿದ ಮರವನ್ನು ಬಿಟ್ಟು ಬೇರೆ ಮರವನ್ನು ಮುಟ್ಟಬಾರದು. ನೆರೆಮನೆಯವರು ಚೆಂಬಿನಲ್ಲಿ ತಂದುಕೊಟ್ಟ ರಸವನ್ನು ಕುಡಿಯುವ ಮೊದಲು, ಯಾವ ಮರ, ಯಾರು ನೋಡಿದರು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮರ ಗೊತ್ತಿರುವವರು ಮನೆಯಲ್ಲಿ ಇಲ್ಲದಿದ್ದರೆ ಆ ವರ್ಷ ಮೆಂತೆ ಗಂಜಿಯಷ್ಟೇ ಸಾಕು.

ತೊಗಟೆಯ ಈ ಗೊಂದಲ ನಮ್ಮದೊಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಅಂಗೊಸ್ತುರಾ ಎಂಬ ಜ್ವರದ ತೊಗಟೆಯ ಹೆಸರಿನಲ್ಲಿ ಕಾಸರಕದ ತೊಗಟೆ ಮಾರಾಟವಾಗಿ ಅನಾಹುತಗಳಾದವು. ಆ ಸುಳ್ಳು ತೊಗಟೆ ಆಫ್ರಿಕದ ಬ್ರೂಸಿಯಾ ಎಂಬ ಗಿಡದ್ದೆಂದು ತಿಳಿದ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವಾಂತು, 1819ರಲ್ಲಿ ಅದರಿಂದ ಬೇರ್ಪಡಿಸಿದ ಕ್ಷಾರಾಭಕ್ಕೆ (ಆಲ್ಕಲಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕಕ್ಕೆ) ಬ್ರೂಸಿನ್ ಎಂದು ಹೆಸರಿಟ್ಟರು. ತೊಗಟೆ ಬ್ರೂಸಿಯಾದ್ದಲ್ಲವೆಂದು ಗೊತ್ತಾದ ಮೇಲೂ ತಪ್ಪು ಹೆಸರು ಹಾಗೆಯೇ ಉಳಿದುಕೊಂಡಿದೆ. ಹಿಂದಿನ ವರ್ಷ, 1818ರಲ್ಲಿ, ಸ್ಟ್ರಿಕ್ನಿನ್ ಅನ್ನು ಬೇರ್ಪಡಿಸಿದವರೂ ಇವರೇ.

ಮೂರನೆಯ ಹಂತ: ಹಿತ್ತಿಲಿನಲ್ಲಿ ಮರವಿದ್ದರೆ

ಮರವನ್ನು ಕಡಿಯಬೇಕಾಗಿಲ್ಲ. ಅದರ ನೆರಳಿನಲ್ಲಿ ನಿಂತರೆ, ಕಾಂಡ ಮುಟ್ಟಿದರೆ ಏನೂ ಆಗುವುದಿಲ್ಲ. ಗದ್ದೆಗೆ, ತೋಟಕ್ಕೆ ಇದರ ಸೊಪ್ಪನ್ನು ಗೊಬ್ಬರವಾಗಿ ಹಾಕುವ ರೂಢಿ ಕರಾವಳಿಯುದ್ದಕ್ಕೂ ಇದೆ. ಮರ ಗಟ್ಟಿಯಾದ್ದರಿಂದ, ಗೆದ್ದಲು ಸುಲಭವಾಗಿ ಹಿಡಿಯದ್ದರಿಂದ ನೇಗಿಲಿಗೂ ಕತ್ತಿ, ಗುದ್ದಲಿಗಳ ಹಿಡಿಗೂ ಬಳಕೆಯಾಗಿದೆ. ಎಚ್ಚರ ಬೇಕಾಗಿರುವುದು ಹಣ್ಣು ಬೀಳುವ ಕಾಲದಲ್ಲಿ. ಆ ತಿಂಗಳುಗಳಲ್ಲಿ ಕೈಗವಸು ತೊಟ್ಟು ಬಿದ್ದ ಹಣ್ಣುಗಳನ್ನು ಆಗಾಗ ಹೆಕ್ಕಿ ಆಳವಾದ ಗುಂಡಿಯಲ್ಲಿ ಹೂಳಿ; ಹಟ್ಟಿಯ ಗೊಬ್ಬರಕ್ಕೂ, ಕೆರೆಗೂ, ನಾಯಿ ಕೆದಕುವ ಕಸದ ರಾಶಿಗೂ ಹಾಕಬೇಡಿ. ಬಾವಿಯ ಮೇಲೆ ಚಾಚಿದ ಕೊಂಬೆಯಿದ್ದರೆ ಅಷ್ಟನ್ನು ಕಡಿಸಿ.

ಅಶ್ವಿನಿ ನಕ್ಷತ್ರದ ಮರ ಕಾಸರಕ ಎಂಬ ಎಣಿಕೆಯಿರುವುದರಿಂದ ದೇವಸ್ಥಾನ, ಶಾಲೆ, ಉದ್ಯಾನಗಳ ನಕ್ಷತ್ರವನಗಳಲ್ಲಿ ಇದನ್ನು ನೆಡುತ್ತಾರೆ. ನೆಡಲಿ, ಆದರೆ ಫಲಕದಲ್ಲಿ ನಕ್ಷತ್ರದ ಹೆಸರಿನ ಕೆಳಗೆ ‘ಹಣ್ಣು ಮತ್ತು ಬೀಜ ವಿಷ’ ಎಂಬ ಸಾಲನ್ನೂ ಬರೆಸಬೇಕು. ಹಲವು ಕಡೆ ಅದರ ಬದಲು ‘ವಾತರೋಗ ನಿವಾರಕ’ ಎಂದಷ್ಟೇ ಬರೆದಿರುತ್ತಾರೆ. ಮಂಡಿನೋವಿನ ಹಿರಿಯರೊಬ್ಬರು ಆ ಫಲಕ ಓದಿ ನಾಲ್ಕು ಬೀಜ ಜೇಬಿಗೆ ಹಾಕಿಕೊಂಡರೆ ತಪ್ಪು ಯಾರದು?

ನಾಲ್ಕನೆಯ ಹಂತ: ಶೋಧನೆಯೆಂದರೆ ಏನೆಂದು ತಿಳಿದುಕೊಳ್ಳಿ

ಒಣಗಿದ ಬೀಜದಲ್ಲಿ ಒಟ್ಟು ಕ್ಷಾರಾಭಗಳು ಸುಮಾರು ಶೇಕಡಾ 3ರ ಆಸುಪಾಸಿನಲ್ಲಿದ್ದು, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸ್ಟ್ರಿಕ್ನಿನ್, ಉಳಿದದ್ದರಲ್ಲಿ ಬಹುಪಾಲು ಬ್ರೂಸಿನ್. ಬ್ರೂಸಿನ್ ಅಷ್ಟು ತೀಕ್ಷ್ಣವಲ್ಲ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ಹದದಲ್ಲಿಡಲು ಗ್ಲೈಸಿನ್ ಎಂಬ ವಸ್ತು ಕಡಿವಾಣದಂತೆ ಕೆಲಸ ಮಾಡುತ್ತದೆ. ಸ್ಟ್ರಿಕ್ನಿನ್ ಆ ಕಡಿವಾಣ ಹಿಡಿಯುವ ಜಾಗವನ್ನೇ ಆಕ್ರಮಿಸುತ್ತದೆ. ಆಮೇಲೆ ಸಣ್ಣ ಸದ್ದು, ಸಣ್ಣ ಸ್ಪರ್ಶವೂ ಮೈಯೆಲ್ಲ ಸೆಟೆಯುವ ಆಜ್ಞೆಯಾಗುತ್ತದೆ.

ರಸಶಾಸ್ತ್ರದ ಗ್ರಂಥಗಳು ಈ ಬೀಜವನ್ನು ಉಪವಿಷಗಳ, ಅಂದರೆ ಎರಡನೆಯ ದರ್ಜೆಯ ವಿಷಗಳ ಗುಂಪಿನಲ್ಲಿ ಸೇರಿಸಿ, ಶೋಧನೆಯಿಲ್ಲದೆ ಬಳಸಬಾರದೆಂದು ಕಟ್ಟುಮಾಡಿವೆ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಬೀಜಗಳನ್ನು ಏಳು ದಿನ ಗೋಮೂತ್ರದಲ್ಲಿ ನೆನೆಸುತ್ತಾರೆ, ದಿನವೂ ಮೂತ್ರ ಬದಲಿಸುತ್ತಾರೆ. ಆಮೇಲೆ ತೊಳೆದು, ಬಟ್ಟೆಯಲ್ಲಿ ಪೊಟ್ಟಲಿ ಕಟ್ಟಿ, ಪಾತ್ರೆಯ ಬಾಯಿಗೆ ಅಡ್ಡಲಾಗಿಟ್ಟ ಕೋಲಿನಿಂದ ಹಾಲಿನೊಳಗೆ ತಳ ತಾಗದಂತೆ ಇಳಿಬಿಟ್ಟು ಬೇಯಿಸುತ್ತಾರೆ, ಇದೇ ದೋಲಾಯಂತ್ರ. ಕೊಂಬಿನಂತೆ ಗಟ್ಟಿಯಾಗಿದ್ದ ಬೀಜ ಆಗ ಮೆತ್ತಗಾಗುತ್ತದೆ. ಬಿಸಿಯಿರುವಾಗಲೇ ಮೇಲಿನ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ನಡುವಿನ ಮೊಳಕೆಯನ್ನು ತೆಗೆದು, ಉಳಿದದ್ದನ್ನು ತುಪ್ಪದಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ಪುಡಿ ಮಾಡುತ್ತಾರೆ. ಕಾಂಜಿಯಲ್ಲಿ, ಅಂದರೆ ಹುಳಿ ಬಂದ ಗಂಜಿನೀರಿನಲ್ಲಿ, ನೆನೆಸುವ ಕ್ರಮವೂ ಇದೆ, ತುಪ್ಪದಲ್ಲಿ ಹುರಿಯುವುದನ್ನಷ್ಟೇ ಹೇಳುವ ಕ್ರಮವೂ ಇದೆ.

ಇದರಿಂದ ಏನಾಗುತ್ತದೆ? ಕ್ಷಾರಾಭಗಳ ಒಂದು ಪಾಲು ಮೂತ್ರಕ್ಕೂ ಹಾಲಿಗೂ ಇಳಿಯುತ್ತದೆ, ಇನ್ನೊಂದು ಪಾಲು ಬಿಸಿಗೆ ಬೇರೆ ರೂಪ ತಾಳುತ್ತದೆ. ಉಳಿದದ್ದು ಉಳಿದೇ ಇರುತ್ತದೆ. ಶುದ್ಧ ಕುಪೀಲು ಎಂದರೆ ವಿಷ ಕಡಿಮೆಯಾದ ಕುಪೀಲು, ವಿಷವಿಲ್ಲದ ಕುಪೀಲು ಅಲ್ಲ. ಈ ಒಂದು ತಿಳಿವಳಿಕೆ ಗಟ್ಟಿಯಾಗಿದ್ದರೆ ಮುಂದಿನ ಎಲ್ಲ ಹಂತಗಳು ತಾನಾಗಿ ಅರ್ಥವಾಗುತ್ತವೆ. ಎಷ್ಟು ಉಳಿಯಿತು ಎಂಬುದು ಕಣ್ಣಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಒಂದೇ ಪಾತ್ರೆಯ ಬೀಜಗಳಲ್ಲೂ ಒಂದಕ್ಕೊಂದಕ್ಕೆ ವ್ಯತ್ಯಾಸವಿರಬಹುದು. ಬೇಯಿಸಿದ ಹಾಲು ವಿಷ, ನೆನೆಸಿದ ಮೂತ್ರ ವಿಷ, ಸುಲಿದ ಸಿಪ್ಪೆಯನ್ನೂ ಹೂಳಬೇಕು. ಅರೆದ ಕಲ್ಲು ಇನ್ನೊಂದು ಅಡುಗೆಗೆ ಸಲ್ಲದು. ಮನೆಯಲ್ಲಿ ಮಾಡಹೊರಟವರು ಆ ಹಾಲನ್ನು ಎಲ್ಲಿ ಚೆಲ್ಲುತ್ತಾರೆ, ಅದನ್ನು ಯಾವ ಬೆಕ್ಕು, ಯಾವ ಕರು ನೆಕ್ಕುತ್ತದೆ ಎಂದು ಯೋಚಿಸಿದರೆ ಸಾಕು, ಈ ಕೆಲಸ ಔಷಧಶಾಲೆಯದೇ ಎಂದು ಒಪ್ಪಿಕೊಳ್ಳಲು ಬೇರೆ ಕಾರಣ ಬೇಕಾಗುವುದಿಲ್ಲ. ಜಾತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ‘ಶುದ್ಧಿ ಮಾಡಿದ ಬೀಜ’ ಎಂದು ಬಿಡಿಯಾಗಿ ಮಾರುವವರಿಂದ ಕೊಳ್ಳಬಾರದೆಂಬುದಕ್ಕೂ ಇದೇ ಕಾರಣ.

ಐದನೆಯ ಹಂತ: ಡಬ್ಬಿಯ ಮೇಲಿನ ಬರಹವನ್ನು ಓದಿ

ಔಷಧಿಯ ಹೆಸರಿನಲ್ಲಿ ಕಾಸರಕದ ಸುಳಿವು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ವಿಷತಿಂದುಕ ವಟಿ, ವಿಷಮುಷ್ಟಿ ತೈಲ, ಕಾರಸ್ಕರ ತೈಲ ಎಂಬಲ್ಲಿ ಹೆಸರೇ ಹೇಳುತ್ತದೆ. ಅಗ್ನಿತುಂಡಿ ವಟಿ, ಕೃಮಿಮುದ್ಗರ ರಸ, ನವಜೀವನ ರಸ ಎಂಬಲ್ಲಿ ಹೇಳುವುದಿಲ್ಲ. ಹೀಗಾಗಿ ಘಟಕಗಳ ಪಟ್ಟಿಯಲ್ಲಿ ಕುಪೀಲು, ವಿಷಮುಷ್ಟಿ, ವಿಷತಿಂದುಕ, ಕಾರಸ್ಕರ, ಕುಚಲಾ, ನಕ್ಸ್ ವೋಮಿಕಾ ಎಂಬ ಆರು ಹೆಸರುಗಳನ್ನು ಹುಡುಕಬೇಕು. ಆರೂ ಒಂದೇ ವಸ್ತು. ಹೆಸರಿನ ಜೊತೆ ‘ಶುದ್ಧ’ ಎಂಬ ಮಾತಿಲ್ಲದ ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯನ್ನು ವೈದ್ಯರಿಗೆ ತೋರಿಸದೆ ಮುಟ್ಟಬೇಡಿ.

ಅಗ್ನಿತುಂಡಿ ವಟಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶಾಸ್ತ್ರೋಕ್ತ ಪಾಠದ ಪ್ರಕಾರ ಅದರಲ್ಲಿ ಉಳಿದೆಲ್ಲ ದ್ರವ್ಯಗಳು ಸೇರಿ ಎಷ್ಟು ತೂಗುತ್ತವೆಯೋ ಅಷ್ಟೇ ತೂಕದ ವಿಷಮುಷ್ಟಿ ಇರುತ್ತದೆ. ಜೊತೆಗೆ ಪಾದರಸ, ಗಂಧಕ, ವತ್ಸನಾಭ ಎಂಬ ಇನ್ನೊಂದು ವಿಷದ ಬೇರೂ ಇರುತ್ತವೆ. ಹಸಿವಿಲ್ಲವೆಂದು ಒಬ್ಬ ವೈದ್ಯರು ಅಗ್ನಿತುಂಡಿ ಬರೆದಿದ್ದಾರೆ, ಸೊಂಟನೋವಿಗೆ ಮತ್ತೊಬ್ಬರು ವಿಷತಿಂದುಕ ವಟಿ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರೂ ತಮ್ಮ ಮಟ್ಟಿಗೆ ಸರಿಯಾದ ಪ್ರಮಾಣವನ್ನೇ ಬರೆದಿದ್ದಾರೆ. ರೋಗಿಯ ಹೊಟ್ಟೆಗೆ ಹೋಗುವುದು ಮಾತ್ರ ಎರಡರ ಮೊತ್ತ. ಈ ತಪ್ಪನ್ನು ಹಿಡಿಯಬಲ್ಲವರು ಡಬ್ಬಿ ಓದುವ ರೋಗಿಯೋ ಮನೆಯವರೋ ಮಾತ್ರ.

1945ರ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದೆ, ವಿಷಮುಷ್ಟಿ ಅದರಲ್ಲಿದೆ. ಇಂಥ ದ್ರವ್ಯವಿರುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುದ್ರಿತವಾಗಿರಬೇಕು. ಕನ್ನಡದಲ್ಲಿ ಇರಬೇಕೆಂಬ ಕಡ್ಡಾಯವಿಲ್ಲದಿರುವುದು ನಮ್ಮ ಹಿರಿಯರ ಪಾಲಿಗೆ ದೊಡ್ಡ ಕೊರತೆ. ಮನೆಯಲ್ಲಿ ಓದು ಬಲ್ಲವರು ಕನ್ನಡದಲ್ಲಿ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸುವುದು ಒಳ್ಳೆಯದು. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಇವು ಇಲ್ಲದ, ಕಾಗದದಲ್ಲಿ ಕಟ್ಟಿಕೊಟ್ಟ ಕಪ್ಪು ಗುಳಿಗೆಯನ್ನು, ಕೊಟ್ಟವರು ಎಷ್ಟೇ ಪರಿಚಿತರಾಗಿರಲಿ, ಪ್ರಶ್ನಿಸದೆ ನುಂಗಬಾರದು. ಹೋಮಿಯೋಪತಿಯ ನಕ್ಸ್ ವೋಮಿಕಾ ಬೇರೆ ಲೆಕ್ಕದ್ದು. ಅಲ್ಲಿ ಬಹಳ ತೆಳುವಾಗಿಸಿದ ಸಿಹಿ ಗುಳಿಗೆಗಳಲ್ಲಿ ಮೂಲವಸ್ತು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮದರ್ ಟಿಂಕ್ಚರ್ ಎಂಬ ಮೂಲದ್ರವದಲ್ಲಿ ಬೀಜದ ಕ್ಷಾರಾಭಗಳು ನಿಜವಾಗಿಯೇ ಇರುತ್ತವೆ.

ಆರನೆಯ ಹಂತ: ಔಷಧಿ ಶುರುಮಾಡುವ ಮುನ್ನ ವೈದ್ಯರಿಗೆ ಹೇಳಬೇಕಾದದ್ದು

ಕೇಳಲಿಲ್ಲವೆಂದು ಹೇಳದೆ ಇರಬೇಡಿ. ಫಿಟ್ಸ್ ಬಂದ ಇತಿಹಾಸ, ಅದು ಬಾಲ್ಯದಲ್ಲಿ ಒಮ್ಮೆ ಬಂದದ್ದಾದರೂ ಸರಿ. ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದೀರೇ. ರಕ್ತದೊತ್ತಡ, ಯಕೃತ್ತಿನ ಅಥವಾ ಮೂತ್ರಪಿಂಡದ ತೊಂದರೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳು. ಟ್ರಾಮಡಾಲ್ ಎಂಬ ನೋವಿನ ಮಾತ್ರೆ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ತಾವಾಗಿಯೇ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಅವುಗಳ ಹೆಸರನ್ನು ಹೇಳಲೇಬೇಕು. ಆಯುರ್ವೇದದ ವೈದ್ಯರ ಬಳಿ ಅಲೋಪತಿಯ ಚೀಟಿ ತೋರಿಸಲು, ಅಲೋಪತಿಯವರ ಬಳಿ ಆಯುರ್ವೇದದ ಡಬ್ಬಿ ತೋರಿಸಲು ನಮ್ಮವರು ನಾಚುತ್ತಾರೆ. ಎರಡು ಚೀಟಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಇಬ್ಬರಿಗೂ ತೋರಿಸಿ. ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಈ ಔಷಧಿ ಬೇಡವೆಂಬುದೇ ಸುರಕ್ಷಿತ ನಿಲುವು.

ಕ್ರೀಡಾಪಟುಗಳಿಗೆ ಒಂದು ವಿಶೇಷ ಎಚ್ಚರಿಕೆ. ಸ್ಪರ್ಧೆಯ ವೇಳೆಯಲ್ಲಿ ನಿಷೇಧಿಸಲಾದ ಉತ್ತೇಜಕಗಳ ಜಾಗತಿಕ ಪಟ್ಟಿಯಲ್ಲಿ ಸ್ಟ್ರಿಕ್ನಿನ್ ಇದೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಸ್ಟ್ರಿಕ್ನಿನ್ ಬೆರೆಸಿದ ಮೊಟ್ಟೆಯ ಬಿಳಿಯನ್ನೂ ಬ್ರಾಂದಿಯನ್ನೂ ಕುಡಿಸಿದ್ದರು. ಗುರಿ ಮುಟ್ಟುವ ಹೊತ್ತಿಗೆ ಆತ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಇಂದು ಸೊಂಟನೋವಿನ ಗುಳಿಗೆಯಿಂದಲೇ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ಏಳನೆಯ ಹಂತ: ಸೇವಿಸುವ ಕ್ರಮ

ಭಾರತೀಯ ಆಯುರ್ವೇದ ಔಷಧಕೋಶ ಶುದ್ಧ ಕುಪೀಲು ಚೂರ್ಣಕ್ಕೆ ಹೇಳಿರುವ ಪ್ರಮಾಣ 60ರಿಂದ 125 ಮಿಲಿಗ್ರಾಂ. ಬೆರಳ ತುದಿಯಲ್ಲಿ ಎತ್ತಿದ ಒಂದು ಚಿಟಿಕೆ ಪುಡಿ ಇದಕ್ಕಿಂತ ಸುಲಭವಾಗಿ ಹೆಚ್ಚು ತೂಗುತ್ತದೆ. ಆದುದರಿಂದಲೇ ಇದನ್ನು ಚೂರ್ಣವಾಗಿ ಕೈಯಳತೆಯಲ್ಲಿ ತೆಗೆದುಕೊಳ್ಳುವ ಮಾತು ಸಲ್ಲದು. ತೂಕ ಮಾಡಿ ಕಟ್ಟಿದ ಗುಳಿಗೆಯೇ ಆಗಬೇಕು, ಎಷ್ಟು ಗುಳಿಗೆ ಎಂಬುದನ್ನು ರೋಗಿಯನ್ನು ನೋಡಿದ ವೈದ್ಯರೇ ಹೇಳಬೇಕು.

ವೈದ್ಯರು ಸಾಮಾನ್ಯವಾಗಿ ಊಟದ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬೇಡ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ನೋವು ಹೆಚ್ಚಾಯಿತೆಂದು ನೀವೇ ಒಂದು ಗುಳಿಗೆ ಸೇರಿಸಿಕೊಳ್ಳಬೇಡಿ. ವೈದ್ಯರು ಹೇಳಿದ ಅವಧಿ ಮುಗಿದೊಡನೆ ನಿಲ್ಲಿಸಿ, ಗುಣ ಕಂಡಿತೆಂದು ಅಂಗಡಿಯಿಂದ ಇನ್ನೊಂದು ಡಬ್ಬಿ ತರಿಸುವುದಾಗಲಿ, ಅದೇ ನೋವಿರುವ ನೆಂಟರಿಗೆ ಹಂಚುವುದಾಗಲಿ ಬೇಡ. ಡಬ್ಬಿ ಬೀಗದ ಕಪಾಟಿನಲ್ಲಿರಲಿ. ತೈಲವನ್ನು ಗಾಯವಿರುವ, ಚರ್ಮ ಒಡೆದಿರುವ ಜಾಗಕ್ಕೆ ಹಚ್ಚಬಾರದು. ಹಚ್ಚಿದ ಮೇಲೆ ಸೋಪಿನಿಂದ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು.

ಎಂಟನೆಯ ಹಂತ: ಮೈ ಕೊಡುವ ಸೂಚನೆಗಳು

ಮಿತಿ ಮೀರಿದಾಗ ಮೊದಲು ಕಾಣುವುದು ಚಡಪಡಿಕೆ, ಕಾರಣವಿಲ್ಲದ ಭಯ, ಸದ್ದಿಗೆ ಬೆಚ್ಚುವುದು, ಕತ್ತು ಮತ್ತು ದವಡೆ ಬಿಗಿಯುವುದು, ಮೀನಖಂಡದಲ್ಲಿ ಸೆಳೆತ. ಇಂಥ ಯಾವುದೇ ಸೂಚನೆ ಕಂಡರೆ ಮುಂದಿನ ಗುಳಿಗೆ ನುಂಗದೆ, ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು. ‘ಔಷಧಿ ಕೆಲಸ ಮಾಡುತ್ತಿದೆ’ ಎಂದು ಸಮಾಧಾನ ಹೇಳುವವರ ಮಾತಿಗೆ ಕಾಯಬಾರದು.

ಬೀಜ ಅಗಿದು ತಿಂದಾಗ, ತೊಗಟೆಯ ರಸ ಕುಡಿದಾಗ ಎಲ್ಲವೂ ವೇಗವಾಗಿ ನಡೆಯುತ್ತದೆ. ಸಾಮಾನ್ಯವಾಗಿ ಹದಿನೈದು ನಿಮಿಷದಿಂದ ಒಂದು ಗಂಟೆಯೊಳಗೆ ಸೆಳೆತ ಶುರುವಾಗುತ್ತದೆ. ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಮುಖ ನಕ್ಕಂತೆ ಬಿಗಿಯುತ್ತದೆ, ಎದೆಯ ಸ್ನಾಯು ಸೆಟೆದು ಉಸಿರು ನಿಲ್ಲುತ್ತದೆ. ನೋಡಿದವರು ಧನುರ್ವಾಯು ಎನ್ನುತ್ತಾರೆ. ಆದರೆ ಧನುರ್ವಾಯು ದಿನಗಳಲ್ಲಿ ಬೆಳೆಯುತ್ತದೆ, ಇದು ನಿಮಿಷಗಳಲ್ಲಿ ಬರುತ್ತದೆ, ಮತ್ತು ಎರಡು ಸೆಳೆತಗಳ ನಡುವೆ ಮೈ ಸಡಿಲವಾಗುತ್ತದೆ. ಅಪಸ್ಮಾರದ ಸೆಳೆತದಲ್ಲಿ ಪ್ರಜ್ಞೆ ತಪ್ಪುವುದುಂಟು, ಇಲ್ಲಿ ಸಾಮಾನ್ಯವಾಗಿ ತಪ್ಪುವುದಿಲ್ಲ. ರೋಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ನೋವೆಲ್ಲ ತಿಳಿಯುತ್ತಿರುತ್ತದೆ. ಸುತ್ತ ನಿಂತವರು ಏನು ಮಾತಾಡುತ್ತಿದ್ದೇವೆಂದು ಎಚ್ಚರವಿರಬೇಕು.

ಒಂಬತ್ತನೆಯ ಹಂತ: ವಿಷವೇರಿದಾಗ

ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಹತ್ತಿರವಿದ್ದರೆ ಕಾಯದೆ, ತುರ್ತು ಚಿಕಿತ್ಸೆ ಮತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ. ಇನ್ನೂ ಸೆಳೆತ ಬಂದಿಲ್ಲವೆಂದು ಮನೆಯಲ್ಲಿ ಕಾದು ನೋಡಬಾರದು. ಸೆಳೆತಕ್ಕೆ ಮುಂಚಿನ ಆ ಹೊತ್ತೇ ಕೈಯಲ್ಲಿರುವ ಸಮಯ. ವಾಂತಿ ಮಾಡಿಸಲು ಗಂಟಲಿಗೆ ಬೆರಳು ಹಾಕಬೇಡಿ, ಉಪ್ಪುನೀರು ಕುಡಿಸಬೇಡಿ. ಗಂಟಲು ಮುಟ್ಟಿದ ಆ ಸ್ಪರ್ಶವೇ ಸೆಳೆತವನ್ನು ಎಬ್ಬಿಸಬಹುದು, ಸೆಳೆತದ ನಡುವೆ ಬಂದ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ನಕ್ಸ್ ವೋಮಿಕಾ ಎಂಬ ಲ್ಯಾಟಿನ್ ಹೆಸರನ್ನು ವಾಂತಿಯ ಕಾಯಿ ಎಂದು ಅರ್ಥೈಸುತ್ತಾರೆ. ಹೆಸರನ್ನು ನಂಬಿ, ವಿಷ ವಾಂತಿಯಲ್ಲಿ ತಾನೇ ಹೊರಬರುತ್ತದೆಂದು ಕೂರಬೇಡಿ. ತುಪ್ಪ, ಹಾಲು, ಮಜ್ಜಿಗೆ, ನಿಂಬೆರಸ ಯಾವುದನ್ನೂ ಬಾಯಿಗೆ ಸುರಿಯಬೇಡಿ. ಹಲ್ಲು ಕಚ್ಚಿದ್ದರೆ ನಡುವೆ ಚಮಚ ತುರುಕಬೇಡಿ.

ಮಾಡಬೇಕಾದದ್ದು ಕಡಿಮೆ: ಮಗ್ಗುಲಾಗಿ ಮಲಗಿಸಿ, ಬಟ್ಟೆ ಸಡಿಲಿಸಿ, ದೀಪ ತಗ್ಗಿಸಿ, ಜನರನ್ನು ದೂರ ಕಳಿಸಿ, ಸದ್ದು ನಿಲ್ಲಿಸಿ. ಕೈಕಾಲು ತಿಕ್ಕುವುದು, ಮುಖಕ್ಕೆ ನೀರು ಎರಚುವುದು, ಹೆಸರು ಹಿಡಿದು ಕೂಗುವುದು, ಇವೆಲ್ಲ ಪ್ರೀತಿಯಿಂದ ಮಾಡುವ ಕೆಲಸಗಳೇ ಆದರೂ ಇಲ್ಲಿ ಒಂದೊಂದೂ ಹೊಸ ಸೆಳೆತಕ್ಕೆ ಕಾರಣವಾಗುತ್ತದೆ. ತಿಂದ ಬೀಜದ ತುಂಡು, ಉಳಿದ ತೊಗಟೆ, ಕಷಾಯದ ಪಾತ್ರೆ ಅಥವಾ ಔಷಧಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಎಷ್ಟು ಗಂಟೆಗೆ ಸೇವಿಸಿದರೆಂದು ಬರೆದುಕೊಂಡು ಹೋಗಿ. ಅದೇ ಕಷಾಯ ಕುಡಿದ ಮನೆಯ ಉಳಿದವರನ್ನೂ, ಅವರಿಗೆ ಏನೂ ಆಗಿಲ್ಲವಾದರೂ, ಜೊತೆಗೆ ಕರೆದೊಯ್ಯಿರಿ. ಮಗು ಬೀಜವನ್ನು ಇಡಿಯಾಗಿ ನುಂಗಿದ್ದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಅದು ಹಾಗೆಯೇ ಹೊರಬೀಳುವ ಸಾಧ್ಯತೆ ಇದೆ. ಆದರೆ ಅಗಿದಿಲ್ಲವೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರುವುದಿಲ್ಲವಾದ್ದರಿಂದ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬಾರದು.

ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಡಯಾಜೆಪಾಮ್‌ನಂಥ ಔಷಧಿಗಳಿಂದ ಸೆಳೆತ ತಡೆದು, ಬೇಕಾದರೆ ಸ್ನಾಯುಗಳನ್ನು ಪೂರ್ತಿ ಸಡಿಲಿಸಿ ಯಂತ್ರದ ಮೂಲಕ ಉಸಿರಾಡಿಸುತ್ತಾರೆ. ವಿಷವನ್ನು ದೇಹವೇ ಕರಗಿಸಿ ಹೊರಹಾಕುವವರೆಗೆ ಉಸಿರು ಉಳಿಸುವುದೇ ಚಿಕಿತ್ಸೆ. ಮೊದಲ ದಿನವನ್ನು ದಾಟಿದವರು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಬಲವಾದ ಸೆಳೆತದಲ್ಲಿ ಸ್ನಾಯುಗಳು ಹರಿದು ಅದರ ಕಲ್ಮಶ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದುಂಟು. ಮನೆಗೆ ಬಂದ ಮೇಲೆ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ಅಂದೇ ಮರಳಿ ಹೋಗಬೇಕು.

ತೊಂದರೆಯಾದದ್ದು ಔಷಧಿಯಿಂದಾದರೆ ಡಬ್ಬಿಯನ್ನು ಎಸೆಯಬೇಡಿ. ಆಯುಷ್ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಯೊಂದಿದ್ದು, ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ಸಮನ್ವಯ ಕೇಂದ್ರವಾಗಿದೆ. ಬರೆದುಕೊಟ್ಟ ವೈದ್ಯರ ಮೂಲಕವೇ, ಬ್ಯಾಚ್ ಸಂಖ್ಯೆ, ಸೇವಿಸಿದ ಪ್ರಮಾಣ, ದಿನಾಂಕಗಳ ಸಹಿತ ಅಲ್ಲಿಗೆ ವರದಿ ಕಳಿಸಲು ಕೇಳಿಕೊಳ್ಳಿ. ತೊಂದರೆಯಾದದ್ದು ಮರದಿಂದಾದರೆ, ಆ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ, ಟಾರ್ಚಿನ ಬೆಳಕಿಗೂ ಕಾಣುವಂತೆ, ಕೆಂಪು ಬಣ್ಣದ ಪಟ್ಟಿಯೊಂದನ್ನು ಸುತ್ತಲೂ ಬಳಿದುಬಿಡಿ.